ದೊಡ್ಡಿಯ ವಿಳಾಸ

ಮೇ 6, ಸೋಮವಾರ. ಬೆಳಿಗ್ಗೆ 6.20

ಎಲ್ಲದರ ಜ್ವರ ನೋಡಿದ್ದಾಯಿತು. ನಲವತ್ತೊಂದು ಆಡುಗಳಲ್ಲಿ ಮೂರಕ್ಕೆ 105 ಡಿಗ್ರಿ ದಾಟಿದೆ. ಹೋದ ವಾರ ವ್ಯಾಪಾರಿ ಆನಂದಕುಮಾರನ ದೊಡ್ಡಿಯಿಂದ ತಂದ ಎರಡು ಹೋತಗಳು, ಅವುಗಳ ಪಕ್ಕ ಮಲಗುವ ಕರಿ ಆಡು. ಮೂಗು ಸೋರುತ್ತಿದೆ. ಕಣ್ಣು ಪಿಸುರಿನಿಂದ ಅಂಟಿಕೊಂಡಿದೆ. ಸಾಬಣ್ಣ ಶೀತ ಇರಬೇಕು ಅಂದ. ಬಾಯಿ ಬಿಡಿಸಿ ನೋಡಿದೆ — ಒಸಡಿನ ಮೇಲೆ ತೌಡು ಉದುರಿಸಿದ ಹಾಗೆ. ಶೀತ ಅಲ್ಲ.

ಮೂರನ್ನೂ ಬೇರೆ ಕಟ್ಟಿಸಿದೆ. ತಡವಾಗಿರಬಹುದು.

ಸಾಬಣ್ಣ, ಅವನ ಹೆಂಡತಿ ಗದಿಗೆಮ್ಮ ಈ ದೊಡ್ಡಿಯ ಪಕ್ಕದ ಕೋಣೆಗೆ ಬಂದು ನಾಲ್ಕು ವರ್ಷ. ಶಹಾಪುರದ ಕಡೆಯವರು. ಮಾದಾಪುರದಲ್ಲಿ ಕಟ್ಟಡದ ಸೆಂಟ್ರಿಂಗ್ ಮೇಲಿಂದ ಬಿದ್ದು ಕಾಲು ಕುಂಟಾದ ಮೇಲೆ ಆಡಿನ ಕೆಲಸ ಹಿಡಿದ. ಆಡಿನ ವಿಷಯದಲ್ಲಿ ಇವತ್ತಿನವರೆಗೆ ಅವನ ಮಾತು ತಪ್ಪಾದದ್ದಿಲ್ಲ.

11.00

ಮನೆ, ಸಿಕಂದರಾಬಾದ್ ಬಳಿಯ ಕುಶಾಯಿಗುಡ. ಆಡು ಸಾಕುವವರ ಆನ್‌ಲೈನ್ ಗುಂಪಿನಲ್ಲಿ ಅನುಮತಿಗೆ ಕಾದ ಪೋಸ್ಟ್ ಮೂವತ್ತೆರಡು. ಒಬ್ಬನಿಗೆ ಮರಿ ಮಾರುವ ಹೆಂಗಸಿನ ಫೋನ್ ನಂಬರ್ ಬೇಕಂತೆ. ತೆಗೆದುಹಾಕಿದೆ. ಮೊದಲ ನಿಯಮವೇ ಅದು — ಯಾರ ನಂಬರೂ, ಯಾರ ವಿಳಾಸವೂ ಹಾಕಕೂಡದು. ನಾನೇ ಬರೆದದ್ದು, ತಾರ್ನಾಕದ ನಲಿನಿಯ ಮನೆಗೆ ಗಂಡಸರು ನುಗ್ಗಿದ ಮೇಲೆ. ಒಂದು ಮರಿ ಮಾರಾಟಕ್ಕಿದೆ ಅಂತ ವಿಳಾಸ ಹಾಕಿದ್ದಳು, ಅಷ್ಟೇ.

ಲಾಕ್‌ಡೌನ್‌ನಲ್ಲಿ ಹನ್ನೆರಡು ಜನರಿಂದ ಶುರುವಾದ ಗುಂಪು. ಈಗ ನಾಲ್ಕು ಸಾವಿರದ ಆರುನೂರು ಆಡು ಸಾಕುವವರು. ನಿರ್ವಾಹಕರು ನಾವು ಮೂವರು.

ಮೇ 9, ಗುರುವಾರ

ಐದು ಸತ್ತವು. ಡಾಕ್ಟರ್ ಶ್ರೀವಿದ್ಯಾ ಬಂದು ಮೂಗಿನ ದ್ರವ ತೆಗೆದುಕೊಂಡು ಹೋದರು. ಲ್ಯಾಬ್ ಬರುವ ಮೊದಲೇ ಹೇಳಿದರು: ಪಿ.ಪಿ.ಆರ್. ಆಡಿನ ಪ್ಲೇಗು. ಔಷಧ ಇಲ್ಲ. ಉಳಿಯುವುದು ಉಳಿಯುತ್ತದೆ.

ಲಸಿಕೆ ಯಾವಾಗ ಅಂತ ಕೇಳಿದರು. ಮೂರು ವರ್ಷದ ಹಿಂದೆ ಹಾಕಿಸಿದ್ದೆ. ಆಮೇಲೆ ಹುಟ್ಟಿದ ಮರಿಗಳಿಗೆ ಹಾಕಿಸಿರಲಿಲ್ಲ. ಊರಿಗೆಲ್ಲ ಲಸಿಕೆ ಹಾಕಿಸಿ ಎಂದು ಗುಂಪಿನಲ್ಲಿ ಬರೆಯುವವಳು ನಾನು. ಇದನ್ನು ಅಲ್ಲಿ ಬರೆಯಲಾರೆ. ಇಲ್ಲಿ ಬರೆದಿಡುತ್ತೇನೆ.

ಕರಿ ಆಡಿಗೆ ಉಸಿರು ಸಿಗುತ್ತಿರಲಿಲ್ಲ. ಕತ್ತು ನೀಳ ಮಾಡಿ, ನಾಲಿಗೆ ಹೊರಗೆ ಚಾಚಿ... ಹಿಂದಿನಿಂದ ರಕ್ತದ ನೀರು. ಎರಡು ಗಂಟೆ ನೋಡಿದೆ. ಸಾಬಣ್ಣನಿಗೆ ಹೇಳಿದೆ. ಅವನು ಅದರ ಮೇಲೆ ಮೊಣಕಾಲೂರಿ ಕುತ್ತಿಗೆ ಮುರಿದ. ಒಣ ಕಟ್ಟಿಗೆಯ ಸದ್ದು. ಆಮೇಲೆ ಹೋಗಿ ಕೈ ತೊಳೆದ, ಬಹಳ ಹೊತ್ತು.

ಮೇ 11, ಶನಿವಾರ

ಸತ್ತದ್ದು ಹತ್ತಾಯಿತು. ಗುಂಡಿ ಆಳ ಮಾಡಿಸಿದ್ದೇವೆ. ಗದಿಗೆಮ್ಮ ಬಕೆಟ್‌ನಲ್ಲಿ ಸುಣ್ಣದ ಪುಡಿ ಹೊತ್ತು ತಂದು ಹಾಕುತ್ತಾಳೆ. ಅವಳ ಅಂಗೈ ಸುಲಿದಿದೆ.

ಆನಂದಕುಮಾರ ಫೋನ್‌ನಲ್ಲಿ ನಕ್ಕ. ನಿಮ್ಮ ದೊಡ್ಡಿಯ ರೋಗ ನನ್ನ ಹೋತಕ್ಕೆ ಬಂದಿರಬೇಕು ಅಂದ. ಸ್ಕೂಟರ್ ಹತ್ತಿ ಶಾಮೀರ್‌ಪೇಟ ದಾಟಿ ಅವನ ದೊಡ್ಡಿಗೇ ಹೋದೆ. ಅವನಿರಲಿಲ್ಲ. ಗೇಟಿನಲ್ಲಿ ಕಾವಲುಗಾರ, ಅರವತ್ತು ದಾಟಿದ ಮನುಷ್ಯ. ತೆಲುಗಿನಲ್ಲಿ ಒಳಗೆ ಬಿಡುವಂತಿಲ್ಲ ಅಂದ. ನಾನು ಸಿಟ್ಟಿನಲ್ಲಿ ಕನ್ನಡದಲ್ಲಿ ಗೊಣಗಿಕೊಂಡೆ. ಮುದುಕನ ಮುಖವೇ ಬದಲಾಯಿತು. ವೀರಭದ್ರಪ್ಪ, ಔರಾದ್ ಕಡೆಯವನು. ಗೇಟು ತೆಗೆದ.

"ಫೋಟೊ ತಕ್ಕೋರಿ ಅಕ್ಕೋರೆ. ನಾ ಆ ಕಡಿ ಮುಖ ಮಾಡಿ ನಿಲ್ತೀನಿ. ದಿನಾ ನೋಡಿ ನೋಡಿ ನನಗ ಊಟ ಹೋಗವಲ್ದು."

ಒಳಗೆ ಇನ್ನೂರರಷ್ಟು. ಅರ್ಧಕ್ಕರ್ಧ ಮೂಗು ಸೋರುವವು. ಸತ್ತವನ್ನು ನೀರಿನ ತೊಟ್ಟಿಯ ಹಿಂದೆ ಒಟ್ಟಿದ್ದರು. ನಾಯಿಗಳು ಎಳೆಯುತ್ತಿದ್ದವು. ಬದುಕಿದವನ್ನು ಬಕ್ರೀದ್ ಸಂತೆಗೆಂದು ಲಾರಿಗೆ ಏರಿಸುತ್ತಿದ್ದರು — ಮೂಗು ಒರೆಸಿ ಒರೆಸಿ ಏರಿಸುತ್ತಿದ್ದರು.

ಹದಿನಾಲ್ಕು ಫೋಟೊ. ಹೊರಡುವಾಗ ಮುದುಕನಿಗೆ ನನ್ನ ನಂಬರ್ ಬರೆದುಕೊಟ್ಟೆ. ಏನಾದರೂ ತೊಂದರೆಯಾದರೆ ಫೋನ್ ಮಾಡಿ ಅಂದೆ.

ಮೇ 13, ಸೋಮವಾರ

ಬೆರಳಿಗೆ ಶಾಯಿ ಹಾಕಿಸಿಕೊಂಡು ಬಂದು ಪೋಸ್ಟ್ ಹಾಕಿದೆ. ಫೋಟೊ ಹಾಕಿದೆ, ಹೆಸರು ಹಾಕಲಿಲ್ಲ. ಶಾಮೀರ್‌ಪೇಟ ಕಡೆಯಿಂದ ಕೊಳ್ಳುವಾಗ ಬಾಯಿ ಬಿಡಿಸಿ ನೋಡಿ, ತಂದದ್ದನ್ನು ಮೂರು ವಾರ ಬೇರೆ ಕಟ್ಟಿ ಅಂತ ಬರೆದೆ. ಪಶುಸಂಗೋಪನಾ ಇಲಾಖೆಗೂ ಅರ್ಜಿ ಕೊಟ್ಟಿದ್ದೇನೆ.

ಸಂಜೆಗೆ ಆರುನೂರು ಕಾಮೆಂಟ್. ಹೆಸರು ಹೇಳಿ, ಹೆಸರು ಹೇಳಿ. ಹೇಳಲಿಲ್ಲ.

ಮೇ 15, ಬುಧವಾರ

ನನ್ನ ಹೆಸರು ಮಾತ್ರ ಹೊರಗೆ ಬಿತ್ತು. ಬೇರೊಂದು ಗುಂಪಿನಲ್ಲಿ ನನ್ನ ಫೋಟೊ, ನಂಬರ್, ದೊಡ್ಡಿಯ ಮ್ಯಾಪ್. ಆಡಿಗೆ ಸೂಜಿ ಚುಚ್ಚಿ ರೋಗ ಹಬ್ಬಿಸುವ ಹೆಂಗಸು ಅಂತೆ. ನಾನು ಜ್ವರದ ಆಡಿಗೆ ಇಂಜೆಕ್ಷನ್ ಕೊಡುವ ಹಳೆಯ ವಿಡಿಯೊ — ನಾನೇ ಕಲಿಸಲಿಕ್ಕೆ ಹಾಕಿದ್ದು — ಅದನ್ನೇ ಕತ್ತರಿಸಿ ಸಾಕ್ಷಿ ಮಾಡಿದ್ದಾರೆ. ನನ್ನ ಮುಖವನ್ನು ಬತ್ತಲೆ ಮೈಗೆ ಅಂಟಿಸಿದ್ದೂ ಒಂದು ಬಂದಿದೆ.

ಬೆಳಗಿನಿಂದ ಇನ್ನೂರು ಕರೆ. ಒಬ್ಬ ನನ್ನನ್ನು ಏನೇನು ಮಾಡುತ್ತೇನೆ ಅಂತ ಸಾವಕಾಶವಾಗಿ, ಒಂದೊಂದಾಗಿ ಹೇಳಿದ. ನನ್ನ ಗಂಡ ಲಿಂಗಣ್ಣ ಫೋನ್ ಕಸಿದುಕೊಂಡು ಅಪರಿಚಿತ ನಂಬರ್‌ಗಳೆಲ್ಲ ಸದ್ದು ಮಾಡದ ಹಾಗೆ ಸೆಟ್ಟಿಂಗ್ ಹಾಕಿದರು. ಗುಂಪು ಮುಚ್ಚು ಅಂದರು. ನಾಳೆ ಅಂದೆ.

ಮೇ 17, ಶುಕ್ರವಾರ. ಸಿಕಂದರಾಬಾದ್, ಆಸ್ಪತ್ರೆ

ನಿನ್ನೆಯದನ್ನು ಇದ್ದದ್ದು ಇದ್ದಂತೆ ಬರೆಯಬೇಕು.

ಮಧ್ಯಾಹ್ನ ಹನ್ನೆರಡೂವರೆ. ದೊಡ್ಡಿಯ ಮುಂದೆ ಏಳು ಬೈಕು, ಒಂದು ಡಿಸಿಎಂ ಸರಕು ಗಾಡಿ. ಹದಿನೈದು ಹದಿನಾರು ಜನ. ಕೆಲವರ ಮುಖಕ್ಕೆ ಕರ್ಚೀಫು, ಕೆಲವರಿಗೆ ಅದೂ ಇಲ್ಲ. ಗದಿಗೆಮ್ಮ ನನ್ನನ್ನು ಮೇವಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿದಳು. ಹಲಗೆಯ ಸಂದಿಯಿಂದ ಎಲ್ಲ ಕಂಡಿತು.

ಆಡುಗಳಿಂದ ಶುರು ಮಾಡಿದರು. ಕಬ್ಬಿಣದ ಪೈಪು, ಒಬ್ಬನ ಕೈಯಲ್ಲಿ ಪಿಕಾಸಿ. ಕಟ್ಟಿದ ಆಡು ಓಡಲಾರದು. ತಲೆಗೆ ಹೊಡೆದರೆ ಕೂಡಲೇ ಸಾಯುತ್ತದೆ, ಬೆನ್ನಿಗೆ ಹೊಡೆದರೆ ಸಾಯುವುದಿಲ್ಲ. ಅವರು ಬೆನ್ನಿಗೆ ಹೊಡೆಯುತ್ತಿದ್ದರು. ಗಬ್ಬದ ಆಡೊಂದು ಮುಂಗಾಲಲ್ಲೇ ತೆವಳಿಕೊಂಡು ಸಾಬಣ್ಣನ ಹತ್ತಿರ ಬಂತು. ಅವನು ಅಡ್ಡ ನಿಂತ. ಕುಂಟು ಕಾಲಿನವನು. ಕೈಯಲ್ಲಿ ಬಡಿಗೆ ಕೂಡ ಇರಲಿಲ್ಲ.

ಆ ಹೆಂಗಸು ಎಲ್ಲಿ ಅಂತ ಕೇಳಿದರು. ನಾನು ಎಂಟು ಹೆಜ್ಜೆ ದೂರದಲ್ಲಿದ್ದೆ. ಅವನು ಗೊತ್ತಿಲ್ಲ ಅಂದ. ಮೊದಲ ಪೆಟ್ಟಿಗೆ ಕೈ ಮುರಿಯಿತು. ಎರಡನೆಯದು ಮುಖಕ್ಕೆ. ಮತ್ತೆ ಕೇಳಿದರು. ಗೊತ್ತಿಲ್ಲ ಅಂದ. ಮೂರನೆಯದು ಅದೇ ಜಾಗಕ್ಕೆ.

ನಾನು ಬಾಯಿಗೆ ಸೆರಗು ತುರುಕಿಕೊಂಡಿದ್ದೆ.

ಗದಿಗೆಮ್ಮ ಬಂದವಳೇ ಸುಣ್ಣದ ಪುಡಿಯ ಬಕೆಟನ್ನು ಪೈಪು ಹಿಡಿದವನ ಮುಖಕ್ಕೆ ಬೀಸಿದಳು. ಅವನು ಕಣ್ಣು ಹಿಡಿದುಕೊಂಡು ಕಿರುಚಿದ. ಅವನ ಕಡೆಯವರು ಅವನನ್ನು ಗಾಡಿಗೆ ಹಾಕಿಕೊಂಡು ಹೋದರು. ಅದೊಂದೇ ಕಾರಣಕ್ಕೆ ಸಾಬಣ್ಣ ಉಳಿದ.

ಬಲಗಣ್ಣು ಹೋಗಿದೆ. ಇವತ್ತು ತೆಗೆದರು. ಆಡು ಉಳಿದದ್ದು ಆರು.

ಪೊಲೀಸರು ಬಂದು ಬರೆದುಕೊಂಡರು. ಮೂವರು ಸಿಕ್ಕಿದ್ದಾರೆ. ಆನಂದಕುಮಾರ ಕಳಿಸಿದ ಅಂತ ಅವರಲ್ಲೊಬ್ಬ ಹೇಳಿದ್ದಾನೆ. ಅವನನ್ನು ಹುಡುಕುತ್ತಿದ್ದಾರಂತೆ.

ಮೇ 18, ಶನಿವಾರ. ಮಧ್ಯಾಹ್ನ 3.35

ನನ್ನ ಹೆಸರು ಕಾಣದ ಹಾಗೆ, ಗುಂಪಿನ ನಿರ್ವಾಹಕರ ಹೆಸರಿನಲ್ಲಿ ಹಾಕಿದೆ. ಆನಂದಕುಮಾರನ ಹೆಸರು, ಮುಖ, ನಂಬರ್, ಲಾರಿಯ ನಂಬರ್, ದೊಡ್ಡಿಯ ಮ್ಯಾಪ್. ಸಾಬಣ್ಣನ ಕಣ್ಣಿನ ಬ್ಯಾಂಡೇಜಿನ ಫೋಟೊ. ಕೆಳಗೆ ಒಂದೇ ಸಾಲು: ಪೊಲೀಸರು ಹುಡುಕುತ್ತಿದ್ದಾರೆ, ನೀವೂ ಹುಡುಕಿ.

ಏನಾಗುತ್ತದೆ ಅಂತ ಗೊತ್ತಿತ್ತು. ಆಗಲಿ ಅಂತಲೇ ಹಾಕಿದೆ.

3.50

ಮುನ್ನೂರು ಶೇರ್. ಬರುತ್ತಿದ್ದೇವೆ ಅಂತ ಬರೆಯುತ್ತಿದ್ದಾರೆ. ಮೇಡ್ಚಲ್‌ನಿಂದ, ಘಟ್‌ಕೇಸರ್‌ನಿಂದ. ಆಡು ಕಳೆದುಕೊಂಡವರು.

ಎರಡು ದಿನದಲ್ಲಿ ಮೊದಲ ಸಲ ಹಸಿವಾಯಿತು. ಅನ್ನ ಕಲಸಿಕೊಂಡು ಊಟ ಮಾಡಿದೆ.

ಮೇ 21, ಮಂಗಳವಾರ

ಆನಂದಕುಮಾರನ ದೊಡ್ಡಿಗೆ ನುಗ್ಗಿದವರು ತೆಗೆದ ವಿಡಿಯೊ ನಾಲ್ಕು ನಿಮಿಷದ್ದು. ಇವತ್ತು ಪೂರ್ತಿ ನೋಡಿದೆ.

ಆನಂದಕುಮಾರ ಅಲ್ಲಿರಲಿಲ್ಲ. ಎರಡು ದಿನ ಮುಂಚೆಯೇ ಜಹೀರಾಬಾದ್ ಕಡೆ ಹೋಗಿದ್ದ. ಅಲ್ಲಿಂದಲೇ ಪೊಲೀಸರು ನಿನ್ನೆ ಹಿಡಿದು ತಂದಿದ್ದಾರೆ. ಮೈಮೇಲೆ ಒಂದು ಗೀರೂ ಇಲ್ಲ.

ಗೇಟಿನಲ್ಲಿದ್ದದ್ದು ವೀರಭದ್ರಪ್ಪ. ಅವನನ್ನು ಕಂಬಕ್ಕೆ ಒರಗಿಸಿ ಆನಂದಕುಮಾರ ಎಲ್ಲಿ ಅಂತ ತೆಲುಗಿನಲ್ಲಿ, ಹಿಂದಿಯಲ್ಲಿ ಕೇಳುತ್ತಾರೆ. ಮೊದಲು ಅವನೂ ತೆಲುಗಿನಲ್ಲೇ ಹೇಳುತ್ತಾನೆ. ಪೆಟ್ಟು ಬಿದ್ದ ಮೇಲೆ ತೆಲುಗು ಹೋಗಿಬಿಟ್ಟಿತು. ಆಮೇಲೆ ಬರೀ ಕನ್ನಡ.

"ನಾ ಅಲ್ರೀ... ನಾ ಗೇಟ್ ಕಾಯಾಂವ ಅದೀನ್ರಿ... ನಾನೇ ಫೋಟೊ ತಗಸೀನ್ರಿ, ಆ ಅಕ್ಕೋರಿಗಿ ಕೇಳ್ರಿ..."

ಸುತ್ತ ನಿಂತವರಿಗೆ ಒಂದು ಅಕ್ಷರ ಅರ್ಥವಾಗಲಿಲ್ಲ. ಬೈಯುತ್ತಿದ್ದಾನೆ ಅಂದುಕೊಂಡರು. ಒಬ್ಬ ಇಟ್ಟಿಗೆಯಿಂದ ಬಾಯಿಗೆ ಹೊಡೆದ. ಮುದುಕ ಕೂತ. ಕೂತವನನ್ನು ಒದ್ದರು, ಸರದಿ ಹಿಡಿದವರ ಹಾಗೆ ಒಬ್ಬೊಬ್ಬರಾಗಿ. ಹಿಂದೆ ಮೇವಿನ ಬಣವೆಗೆ ಬೆಂಕಿ. ಕಟ್ಟಿದ ಆಡುಗಳು ಮೈ ಹತ್ತಿಕೊಂಡು ಹಗ್ಗ ಎಳೆಯುತ್ತಿವೆ. ವಿಡಿಯೊ ತೆಗೆಯುವವನು ಒಮ್ಮೆ ಕೆಮ್ಮುತ್ತಾನೆ, ಹೊಗೆಗೆ.

ವೀರಭದ್ರಪ್ಪ ಆಸ್ಪತ್ರೆಯ ದಾರಿಯಲ್ಲೇ ಸತ್ತ. ಹದಿನೆಂಟನೇ ತಾರೀಖೇ. ನಾನು ಉಂಡ ಅನ್ನ ಅರಗುವ ಮೊದಲೇ.

ಪೋಸ್ಟ್ ತೆಗೆದಿದ್ದೇನೆ. ತೆಗೆದರೆ ಏನು.

ಮೇ 25, ಶನಿವಾರ

ಗುಂಪಿನಲ್ಲಿ ಮತ್ತೆ ಆಡುಗಳು ಸತ್ತ ಸುದ್ದಿ. ಮೇಡ್ಚಲ್, ಘಟ್‌ಕೇಸರ್. ಆ ದೊಡ್ಡಿ ತುಳಿದು ಬಂದವರ ಚಪ್ಪಲಿಯಲ್ಲೇ ರೋಗ ಅವರವರ ಮನೆಗೆ ಹೋಗಿದೆ. ಅಲ್ಲಿಂದ ಬಿಚ್ಚಿಕೊಂಡು ಓಡಿದ ಆಡುಗಳನ್ನು ಹಿಡಿದು ತಂದವರೂ ಇದ್ದಾರೆ.

ಪೋಸ್ಟ್ ಹಾಕಿದ್ದು ಯಾರು ಅಂತ ಪೊಲೀಸರು ಮೂವರು ನಿರ್ವಾಹಕರನ್ನೂ ಕೇಳಿದರು. ಮೂವರೂ ಗೊತ್ತಿಲ್ಲ ಅಂದೆವು. ಆ ಇಬ್ಬರಿಗೆ ನಿಜವಾಗಿ ಗೊತ್ತಿಲ್ಲ. ಲಿಂಗಣ್ಣನಿಗೆ ಗೊತ್ತು. ಮೂವರಲ್ಲಿ ಯಾರು ಅಂತ ಹುಡುಕುವ ಹೊತ್ತಿಗೆ ಎಲ್ಲ ತಣ್ಣಗಾಗುತ್ತದೆ, ಸುಮ್ಮನಿರು ಅಂದರು. ನನ್ನ ಬೆನ್ನಿಗೆ ಕೈ ಇಟ್ಟು ಹೇಳಿದರು.

ಸಾಬಣ್ಣನಿಗೆ ನಾನೇ ಹೇಳಿದೆ, ಹಾಸಿಗೆಯ ಪಕ್ಕ ಕೂತು. ನಿನ್ನ ಕಣ್ಣಿಗೋಸ್ಕರ ಹಾಕಿದೆ ಅಂದೆ. ಒಂದೇ ಕಣ್ಣಿನಿಂದ ನೋಡಿದ.

"ನಾ ನಿಮ್ಮ ಜಾಗಾ ಹೇಳಲಿಲ್ರೀ ಅಕ್ಕಾ. ಅಷ್ಟು ಹೊಡದ್ರೂ ಹೇಳಲಿಲ್ಲ. ನಿಮಗ ಯಾರೂ ಹೊಡೀದೇ ನೀವು ಹೇಳಿಬಿಟ್ರಿ."

ಆಮೇಲೆ ಗೋಡೆಯ ಕಡೆ ಹೊರಳಿದ.

ಮೇ 28, ಮಂಗಳವಾರ

ವೀರಭದ್ರಪ್ಪನ ಮಗಳು ಮನೆಗೆ ಬಂದಿದ್ದಳು. ಪ್ರೇಮಾ. ಮೂವತ್ತರ ಹೆಂಗಸು, ಔರಾದ್‌ನಲ್ಲಿ ಅಂಗನವಾಡಿ ಕೆಲಸ. ಅಪ್ಪನ ಫೋನ್‌ನಲ್ಲಿ 'ಕನ್ನಡ ಅಕ್ಕ' ಅಂತ ನನ್ನ ನಂಬರ್ ಇತ್ತಂತೆ, ಅದರಿಂದಲೇ ಮನೆ ಹುಡುಕಿಕೊಂಡು ಬಂದಿದ್ದಳು. ಹನ್ನೊಂದರ ಸಂಜೆ ಅವಳಿಗೆ ಫೋನ್ ಮಾಡಿದ್ದನಂತೆ. ಇವತ್ತು ನಮ್ಮ ಮಾತಿನಾಕಿ ಒಬ್ಬಾಕಿ ಬಂದಿದ್ಲು, ಗೇಟ್ ತಗದೆ, ಎದಿ ಹಗುರ ಆತು ಅಂದಿದ್ದನಂತೆ.

ಆ ಫೋನ್ ತೋರಿಸಿದಳು. ಗಾಜು ಒಡೆದಿದೆ. ಹದಿನೆಂಟನೇ ತಾರೀಖು, 4.52, 4.53, 4.53. ಮೂರು ಸಲ ನನಗೆ ಮಾಡಿದ್ದಾನೆ. ನನ್ನ ಫೋನ್ ತೆರೆದು ನೋಡಿದೆ. ಸದ್ದಿಲ್ಲದ ಕರೆಗಳ ರಾಶಿಯ ಮಧ್ಯೆ ಮೂರೂ ಇವೆ.

ಅವಳು ಬಂದದ್ದು ಸಹಾಯ ಕೇಳಲು. ತೆಲುಗು ಬರೆಯಲು ಬರುವುದಿಲ್ಲ, ಪೊಲೀಸರಿಗೆ ಹೇಳಿಕೆ ಬರೆದುಕೊಡಿ ಅಂದಳು. ಹೊಡೆದವರು ಹನ್ನೊಂದು ಜನ ಸಿಕ್ಕಿದ್ದಾರೆ. ಅವಳಿಗೆ ಬೇಕಾದ್ದು ಇನ್ನೊಬ್ಬರು.

"ಜಾಗಾ ತೋರಿಸ್ದವರು ಯಾರು ಅಂತ ಮೊದಲ ಬರೀರಿ. ಅವರಿಗಿ ಕೇಳೂದೈತಿ."

ಲಿಂಗಣ್ಣ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ತಲೆ ಅಲ್ಲಾಡಿಸಿದರು. ನಾನು ಹಾಳೆ ತೆಗೆದುಕೊಂಡೆ. ಮೊದಲ ಸಾಲಿನಲ್ಲಿ ನನ್ನ ಹೆಸರು, ಗಂಡನ ಹೆಸರು, ಮನೆ ನಂಬರ್ ಬರೆದೆ. ತೆಲುಗಿನಲ್ಲಿ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ.

ಪ್ರೇಮಾಳಿಗೆ ಮೊದಲು ತಿಳಿಯಲಿಲ್ಲ. ಬರೆಯುವವರ ಹೆಸರಲ್ಲ, ಮಾಡಿದವರ ಹೆಸರು ಅಂದಳು. ಅದೇ ಅಂದೆ.

ಕೆನ್ನೆಗೆ ಹೊಡೆದಳು. ಇನ್ನೊಮ್ಮೆ. ಕೂದಲು ಹಿಡಿದು ಹಣೆಯನ್ನು ಮೇಜಿಗೆ ಬಡಿದಳು. ಲಿಂಗಣ್ಣ ಬಿಡಿಸಿದರು. ಬಿಡಿಸಬೇಡಿ ಅಂದೆ, ಬಾಯಿಯಲ್ಲಿ ರಕ್ತ ಇತ್ತು, ಅವರಿಗೆ ಕೇಳಿಸಲಿಲ್ಲ. ಅವಳು ಮೂಲೆಯಲ್ಲಿ ಕೂತು ಉಸಿರು ಎಳೆದುಕೊಂಡಳು. ಅತ್ತದ್ದಲ್ಲ. ಆಮೇಲೆ ಎದ್ದು ಪೆನ್ನು ನನ್ನ ಮುಂದಿಟ್ಟಳು.

"ಪೂರಾ ಬರೀರಿ. ನಾಳಿ ನಾ ಬರ್ತೀನಿ. ಇಬ್ಬರೂ ಕೂಡೇ ಹೋಗೂಣು."

ಬರೆದು ಮುಗಿಸಿದೆ. ನಾಲ್ಕು ಪುಟ.

ಮೇ 29, ಬುಧವಾರ. ಬೆಳಿಗ್ಗೆ 9.40

ಲಿಂಗಣ್ಣ ಶಿಫ್ಟಿಗೆ ಹೋಗಿಲ್ಲ. ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ಕೂತಿದ್ದಾರೆ. ಬೆಳಿಗ್ಗೆ ಆ ನಾಲ್ಕು ಪುಟ ಹರಿದರು. ನಾನು ಮತ್ತೆ ಬರೆದೆ. ಮತ್ತೆ ಹರಿಯಲಿಲ್ಲ.

ಗುಂಪನ್ನು ಆ ಇಬ್ಬರಿಗೆ ಒಪ್ಪಿಸಿ ಹೊರಬಂದೆ. ಹೊರಡುವ ಮೊದಲು ನಾನು ಹಾಕಿದ್ದೇ ಅಂತ ಅಲ್ಲೂ ಬರೆದೆ. ಕಾಮೆಂಟ್ ಓದಿಲ್ಲ. ಚೀಲದಲ್ಲಿ ಆಧಾರ್, ಎರಡು ಸೀರೆ, ಹೇಳಿಕೆ.

ಕೆಳಗೆ ಆಟೋ ನಿಂತಿತು. ಪ್ರೇಮಾ ಒಳಗೆ ಕೂತಿದ್ದಾಳೆ, ಮೇಲೆ ನೋಡುತ್ತಿಲ್ಲ. ಲಿಂಗಣ್ಣ ಎದ್ದು ಕುರ್ಚಿ ಪಕ್ಕಕ್ಕೆ ಇಟ್ಟರು. ಅಂಗಿ ಹಾಕಿಕೊಳ್ಳುತ್ತಿದ್ದಾರೆ.

ಸಾಬಣ್ಣನ ಔಷಧದ ಬಗ್ಗೆ ಗದಿಗೆಮ್ಮನಿಗೆ ಫೋನ್ ಮಾಡಿ ಹೇಳಬೇಕಾದ್ದು: ಬಿಳಿ ಗುಳಿಗೆ ಊಟವಾದ ಮೇಲೆ. ಹಳದಿಯದು ಬೆಳಿಗ್ಗೆ ಒಂದೇ. ಹನಿ ಎಡಗಣ್ಣಿಗೆ ಮಾತ್ರ, ನಾಲ್ಕು ತಾಸಿಗೊಮ್ಮೆ. ಬಲಗಡೆಯದಕ್ಕೆ ಇನ್ನು ಪಟ್ಟಿ ಮಾತ್ರ.