ಉಪ್ಪನ ಹೃದಯದ ಚೂರು

ಆಲೆಟ್ಟಿ, ಸುಳ್ಯ
೧೮ ಜನವರಿ ೨೦೨೫

ನನ್ನ ಮುದ್ದಿನ ಶಹನಾ, ಅಸ್ಸಲಾಮು ಅಲೈಕುಂ.

ಫೋನಿದ್ದೂ ಉಮ್ಮ ಕಾಗದ ಬರೆಯುತ್ತಾಳೆಂದು ನಗಬೇಡ. ಫೋನು ಹಿಡಿದರೆ ನಿನ್ನ ಉಪ್ಪ ಕಿವಿ ನೆಟ್ಟಗೆ ಮಾಡಿಕೊಂಡು ಪಕ್ಕದಲ್ಲೇ ಕೂರುತ್ತಾರೆ. ಅವರಿಗೆ ಕೇಳಿಸಬಾರದ ಮಾತಿದೆ. ನೀನಿರುವ ಶಾರ್ಜಾಕ್ಕೆ ಮರಳುವ ನಮ್ಮೂರ ಹಕೀಮನ ಕೈಯಲ್ಲಿ ಕಳಿಸುತ್ತಿದ್ದೇನೆ.

ಉಪ್ಪ ಚೆನ್ನಾಗಿದ್ದಾರೆ. ಮೀನು ಮಾರುವ ಸ್ಕೂಟರನ್ನು ಯಾರೂ ಮುಟ್ಟಬಾರದೆಂದು ಮಲಗಿದಲ್ಲಿಂದಲೇ ಗದರುತ್ತಾರೆ.

ಹೃದಯದ ಆಪರೇಷನ್ ಬೇಡವೆಂದು ಅವರು ಎಷ್ಟು ಹಟ ಮಾಡಿದ್ದರೆಂದು ನಿನಗೆ ಗೊತ್ತು. ಆಪರೇಷನ್ನಿನಲ್ಲಿ ರಕ್ತದ ಕೊಳವೆ ತೂರಿಸುವಾಗ ಹೃದಯದ ಅಂಚಿನಿಂದ ಕತ್ತರಿಸುವ ಚೂರನ್ನು ಪರೀಕ್ಷೆಗೆ ಕೊಡುತ್ತೀರಾ ಎಂದು ಆಸ್ಪತ್ರೆಯವರು ಕೇಳಿದಾಗ, ಕೊಡುತ್ತೇನೆ, ಆದರೆ ಅದೇ ದಿನ ಸಂಜೆಯ ಮಗ್ರಿಬ್ ನಮಾಜಿಗೆ ಮೊದಲು ಮಣ್ಣಿಗೆ ಸೇರಿಸಬೇಕು ಎಂದರು. ದೇಹದಿಂದ ತೆಗೆದದ್ದನ್ನು ಹೂಳುವುದು ನಮ್ಮ ಕ್ರಮವಲ್ಲವೇ. ನಾನು ಮಾತು ಕೊಟ್ಟ ಮೇಲೆಯೇ ಅವರು ಒಪ್ಪಿದ್ದು.

ಅವರನ್ನು ಒಳಗೆ ಕರೆದೊಯ್ದ ಮೇಲೆ ಚೂರನ್ನು ಸುತ್ತಲು ಬಿಳಿ ಬಟ್ಟೆ ಹಿಡಿದು ಪ್ರಯೋಗಾಲಯಕ್ಕೆ ಹೋಗಿ ಕಾದೆ. ಅಲ್ಲಿ ಸಂಶೋಧನೆ ಮಾಡುವ ಹುಡುಗಿ ಯಶ್ಮಿತಾ, ಪಂಜ ಊರಿನವಳು, ಗಾಜಿನ ಪಾತ್ರೆ ತೋರಿಸಿದಳು. ಬೆಚ್ಚಗಿನ ನೀರಿನಲ್ಲಿ, ದಾರಕ್ಕೆ ಕಟ್ಟಿದ ಅಕ್ಕಿಕಾಳಿನಷ್ಟು ಮಾಂಸ. ಸಣ್ಣಗೆ ಕರೆಂಟು ತಾಗಿದಾಗೆಲ್ಲ ಅದು ದಾರವನ್ನು ಎಳೆಯುತ್ತಿತ್ತು, ಬಿಡುತ್ತಿತ್ತು, ಮತ್ತೆ ಎಳೆಯುತ್ತಿತ್ತು.

"ಬೇಕಾದ್ರೆ ಈಗಲೇ ತಕೊಳ್ಳಿ ರುಕಿಯಾಕ್ಕ, ಆದ್ರೆ ಅದಕ್ಕೆ ಇನ್ನೂ ಜೀವ ಉಂಟು" ಎಂದಳು. ಜೀವವಿರುವುದನ್ನು ಹೂಳುವುದು ಹೇಗೆ ಮಗಳೇ? ಅಲ್ಲೇ ಕೂತೆ.

ಅವಳು ನೀರಿಗೆ ಏನೋ ಬೆರೆಸಿದಳು. ನಾವು ತಿಂದ ಮೀನು, ಮೊಟ್ಟೆಯನ್ನು ಕರುಳಿನಲ್ಲಿರುವ ಕಣ್ಣಿಗೆ ಕಾಣದ ಜೀವಿಗಳು ಒಡೆದಾಗ ಹುಟ್ಟುವುದನ್ನು ಲಿವರ್ ಬದಲಿಸಿ ರಕ್ತಕ್ಕೆ ಬಿಡುವ ವಸ್ತುವಂತೆ. ನೋಡುತ್ತಿದ್ದಂತೆ ಪರದೆಯ ಮೇಲಿನ ಗೆರೆ ಏರತೊಡಗಿತು. ಚೂರು ಮೊದಲಿಗಿಂತ ಬಲವಾಗಿ ಎಳೆಯುತ್ತಿತ್ತು. ಹಾಗಾದರೆ ಇದು ಒಳ್ಳೆಯದೋ ಎಂದು ಕೇಳಿದೆ. ಈಗ ಬಲ ಕೊಡುವುದು ಕಾಣುತ್ತದೆ, ವರ್ಷಗಟ್ಟಲೆ ಹೆಚ್ಚಿದ್ದರೆ ಹೃದಯಕ್ಕೆ ಏನಾಗುತ್ತದೆಂದು ಇನ್ನೂ ಹುಡುಕುತ್ತಿದ್ದೇವೆ ಎಂದಳು. ಬಂಗುಡೆ ಮಾರಿ, ಬಂಗುಡೆ ತಿಂದು ಬದುಕಿದ ಮನುಷ್ಯ. ಅವರ ಹೊಟ್ಟೆ ಎದೆಗೆ ಇಷ್ಟು ಕಾಲ ಏನೇನು ಹೇಳಿ ಕಳಿಸುತ್ತಿತ್ತೋ, ಒಂದೇ ತಟ್ಟೆಯಲ್ಲಿ ಉಂಡ ನನಗೂ ತಿಳಿದಿರಲಿಲ್ಲ. ಸುಬ್‌ಹಾನಲ್ಲಾಹ್ ಎನ್ನದೆ ಇರಲಾಗಲಿಲ್ಲ.

ಮಗ್ರಿಬ್ ದಾಟಿತು. ಚೂರಿನ ಮಿಡಿತ ನಿಲ್ಲಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪ ಎಚ್ಚರವಾಗಿ ಮೊದಲು ಕೇಳಿದ್ದೇ, ಮಣ್ಣಿಗೆ ಸೇರಿಸಿದೆಯಾ ಎಂದು. ಹೌದು ಎಂದೆ. ಅವರು ನೆಮ್ಮದಿಯಿಂದ ಕಣ್ಣು ಮುಚ್ಚಿದರು. ಅದು ಆಗಲೂ ದಾರ ಎಳೆಯುತ್ತಿತ್ತು. ಪೂರ್ತಿ ನಿಂತ ಮೇಲೆ, ಮಧ್ಯಾಹ್ನ ಹೂತು ಬಂದೆ. ಅವರಿಗೆ ಸುಳ್ಳು ಹೇಳಿ ನನಗೆ ಅಭ್ಯಾಸವಿಲ್ಲ. ಹೇಳಿಬಿಡಲೇ, ಬೇಡವೇ? ನೀನೇ ತಿಳಿಸು.

ದುಆದೊಂದಿಗೆ,
ನಿನ್ನ ಉಮ್ಮ
ರುಕಿಯಾ

ಇನ್ನೊಂದು ಮಾತು: ನಿನ್ನೆ ತಪಾಸಣೆಗೆ ಹೋದಾಗ ಡಾಕ್ಟರು ಹೇಳಿದರು. ನಾನು ಗಾಜಿನ ಪಾತ್ರೆಯ ಮುಂದೆ ಕೂತಿದ್ದ ಹೊತ್ತಿಗೆ, ಹೊಲಿಗೆ ಹಾಕಲೆಂದು ಎದೆಯೊಳಗಿನ ಹೃದಯವನ್ನು ನಿಲ್ಲಿಸಿಟ್ಟಿದ್ದರಂತೆ. ರಕ್ತ ಓಡಿಸಿದ್ದು ಯಂತ್ರ. ನಿನ್ನ ಉಪ್ಪನ ಹೃದಯದಲ್ಲಿ ಆಗ ಮಿಡಿಯುತ್ತಿದ್ದದ್ದು ನಾನು ಹೂಳಲು ಹೋಗಿದ್ದ ಆ ಚೂರು ಮಾತ್ರ.