ಆರನೇ ವರ್ಷದ ಗೆರೆ

ಮಾರ್ಚ್ ೧೪, ಭಾನುವಾರ

ಚಿರಂಜೀವಿ ಪುಟ್ಟಿಗೆ,

ನಿನಗೂ, ಅಳಿಯಂದಿರಿಗೂ, ಹೊಟ್ಟೆಯೊಳಗೆ ಕೂತು ನಿನ್ನನ್ನು ಒದೆಯುತ್ತಿರುವ ಆ ಪುಟಾಣಿಗೂ ನಮ್ಮಿಬ್ಬರ ಆಶೀರ್ವಾದ. ನಿನ್ನ ಕಾಗದ ಬಂದು ಬಹಳ ದಿನವಾಯಿತು, ಉತ್ತರ ತಡವಾಯಿತೆಂದು ಮುನಿಸಿಕೊಳ್ಳಬೇಡ. ಬಿಡುವಿರಲಿಲ್ಲ ಎಂದು ಬರೆದರೆ ಪಕ್ಕದಲ್ಲೇ ಕೂತಿರುವ ನಿಮ್ಮಪ್ಪ ನಗುತ್ತಾರೆ. ಬಿಡುವಿತ್ತು, ಧೈರ್ಯವಿರಲಿಲ್ಲ.

ಇಲ್ಲಿ ನಾವು ಕ್ಷೇಮ. ನಿಮ್ಮಪ್ಪ ಪ್ರೆಸ್ಸಿನ ಕೆಲಸ ಬಿಟ್ಟ ಮೇಲೆ ಗೋಡೆ ಗಡಿಯಾರಕ್ಕೆ ವೈದ್ಯರಾಗಿದ್ದಾರೆ. ಮೊದಲು ಸ್ವಲ್ಪ ನಿಧಾನವಾಗಿ ಓಡುತ್ತಿತ್ತು, ಈಗ ನಿಂತೇ ಹೋಗಿದೆ. ಮನೆಯಲ್ಲಿ ಹೊತ್ತು ಹೋಗುವುದೇ ಗೊತ್ತಾಗುವುದಿಲ್ಲ.

ನೀನು ಕೇಳಿದ ನಿಮ್ಮಮ್ಮನ ಅಳತೆ ಹಾಳೆಯನ್ನು ಟ್ರಂಕಿನಿಂದ ತೆಗೆದೆ. ನಿಮ್ಮಪ್ಪ ಪ್ರೆಸ್ಸಿನಿಂದ ತಂದುಕೊಟ್ಟಿದ್ದ ಆ ದೊಡ್ಡ ಹಾಳೆ ಅಂಚಿನಲ್ಲಿ ಹಳದಿಯಾಗಿದೆ, ಮತ್ತೇನೂ ಆಗಿಲ್ಲ. ಫ್ರಾಕಿನ ಮುಂಭಾಗ, ಬೆನ್ನು, ತೋಳು. ಒಂದು ವರ್ಷದ ಕೂಸಿನ ಗೆರೆ, ಅದರ ಹೊರಗೆ ಎರಡರದ್ದು, ಅದರ ಹೊರಗೆ ಮೂರರದ್ದು, ಹೀಗೆ ಹನ್ನೆರಡರವರೆಗೆ, ಒಂದೊಂದು ವಯಸ್ಸಿಗೆ ಒಂದೊಂದು ಬಣ್ಣದ ಪೆನ್ಸಿಲು. ಅದಕ್ಕೆ ಎಂದೂ ಕತ್ತರಿ ತಾಗಿಸಬೇಡ. ಒಂದು ಅಳತೆಗೆ ಕತ್ತರಿಸಿದೆಯೋ, ಅದಕ್ಕಿಂತ ದೊಡ್ಡವೆಲ್ಲ ಹೋದಂತೆಯೇ. ಮೇಲೆ ತೆಳು ಕಾಗದ ಇಟ್ಟು ಬೇಕಾದ ಗೆರೆಯನ್ನಷ್ಟೇ ಎತ್ತಿಕೊಳ್ಳಬೇಕು. ಎರಡನೇ ಮಗುವಿಗೂ ಮೂರನೆಯದಕ್ಕೂ ಅದೇ ಹಾಳೆ ಸಾಕು. ಮೂರನೆಯದೇ ಎಂದು ಅಳಿಯಂದಿರು ಹೆದರುವುದು ಬೇಡ, ಮಾತಿಗೆ ಹೇಳಿದೆ.

ಹಿಂದೆ ಮಾಡುತ್ತಿದ್ದ ಹಾಗೆ ಇವತ್ತು ಬೆಳಿಗ್ಗೆ ಅದನ್ನು ಕಿಟಕಿಯ ಗಾಜಿಗೆ ಹಿಡಿದೆ. ಬಿಸಿಲು ಹಾಳೆಯೊಳಕ್ಕೆ ಇಳಿದು ಗೆರೆಗಳೆಲ್ಲ ಒಟ್ಟಿಗೆ ಎದ್ದು ಬಂದವು. ಈರುಳ್ಳಿಯ ಪದರದ ಹಾಗೆ ಒಂದರೊಳಗೊಂದು ನೀನೇ ನಿಂತಿದ್ದೆ. ನಾನು ಕಾಣದ ತೊಟ್ಟಿಲ ಕೂಸು, ಹಲ್ಲು ಬಿದ್ದವಳು, ಜಡೆ ಬಿಗಿಯಾಯಿತೆಂದು ಅಳುವವಳು, ಎಲ್ಲರೂ ಆ ಬೆಳಕಿನಲ್ಲಿ ಸದ್ದಿಲ್ಲದೆ ಉಸಿರಾಡುತ್ತಿದ್ದರು. ಯಾರನ್ನೂ ಎಬ್ಬಿಸಬಾರದು ಅನ್ನಿಸಿ ನಾನೂ ಅಲುಗಾಡದೆ ನಿಂತೆ. ಒಲೆಯ ಮೇಲಿನ ಹಾಲು ಉಕ್ಕಿ ಹರಿಯಿತು. ನಿಮ್ಮಪ್ಪ ಒಲೆ ಒರೆಸುತ್ತಾ ಏನೇನೋ ಗೊಣಗಿದರು, ನನ್ನ ಕಿವಿಗೆ ಬೀಳಲಿಲ್ಲ.

ಹಾಳೆ ಕಳಿಸುವ ಮೊದಲು ಒಂದು ಮಾತು ಹೇಳದೆ ವಿಧಿಯಿಲ್ಲ. ಹೇಳದಿದ್ದರೆ ಮಗುವಿನ ಬಟ್ಟೆ ಕೆಡುತ್ತದೆ, ಹೇಳಿದರೆ ನಿನ್ನ ಮನಸ್ಸು ಕೆಡುತ್ತದೇನೋ ಎಂಬ ಭಯ. ಅದಕ್ಕೇ ಇಷ್ಟು ದಿನ ಪೆನ್ನು ಹಿಡಿಯಲಿಲ್ಲ.

ನಾನು ಈ ಮನೆಗೆ ಬಂದಾಗ ನಿನಗೆ ಐದು ತುಂಬುವುದರಲ್ಲಿತ್ತು. ನನಗೆ ಗುಂಡಿ ಹಚ್ಚುವುದು ಬಿಟ್ಟರೆ ಹೊಲಿಗೆಯ ಗಂಧವಿರಲಿಲ್ಲ. ಆದರೂ ಅಕ್ಕನ ಹಾಳೆಯಿದೆಯಲ್ಲ ಎಂದು ಐದರ ಗೆರೆ ಎತ್ತಿಕೊಂಡು, ಗೆರೆಯ ಮೇಲೇ ಬಟ್ಟೆ ಕತ್ತರಿಸಿ ಹೊಲಿದೆ. ನಿನಗೆ ತೊಡಿಸಿದರೆ ಫ್ರಾಕು ತಲೆಯಲ್ಲೇ ಸಿಕ್ಕಿಕೊಂಡಿತು. ಮೇಲಕ್ಕೂ ಬರಲಿಲ್ಲ, ಕೆಳಕ್ಕೂ ಇಳಿಯಲಿಲ್ಲ. ಬಟ್ಟೆಯೊಳಗಿನಿಂದಲೇ ನೀನು, "ಅಮ್ಮ ಹೊಲಿದಿದ್ರೆ ಸಿಕ್ಕಿಕೊಳ್ತಿರಲಿಲ್ಲ" ಅಂದೆ. ಆಗ ನಿನ್ನ ಮುಖ ನನಗೆ ಕಾಣಲಿಲ್ಲ, ನನ್ನದು ನಿನಗೆ ಕಾಣಲಿಲ್ಲ. ಇಬ್ಬರಿಗೂ ಒಳ್ಳೆಯದೇ ಆಯಿತು.

ಬೀದಿಯ ಕೊನೆಯಲ್ಲಿದ್ದ ಟೇಪು ಮಾಮನ ಅಂಗಡಿಗೆ ಹಾಳೆ ತೆಗೆದುಕೊಂಡು ಓಡಿದೆ. ಊಟಕ್ಕೆ ಕೂತಾಗಲೂ ಕತ್ತಿನಿಂದ ಟೇಪು ತೆಗೆಯದ ಆ ದರ್ಜಿ ಬಹಳ ಹೊತ್ತು ಗೆರೆಗಳನ್ನು ನೋಡಿದರು. ಆಮೇಲೆ, "ಇದು ಬರೀ ಮೈಯಳತೆ ತಾಯಿ. ಹೊಲಿಗೆಗೆ ಬೇಕಾದ ಬೆರಳಗಲ ಅವಳ ಕೈಯೇ ಬಿಡ್ತಿತ್ತು. ಕೈ ಹೋಯ್ತು, ಗೆರೆ ಉಳೀತು" ಅಂದರು. ಸುತ್ತ ಒಂದು ಬೆರಳಗಲ ಬಿಟ್ಟು ಮತ್ತೆ ಹೊಲಿದೆ. ಸರಿಹೋಯಿತು.

ಮರುವರ್ಷ ನೀನು ಬಂದು ನನ್ನ ಸೆರಗು ಜಗ್ಗಿ, ಆರಕ್ಕೆ ಅಮ್ಮ ಯಾವ ಬಣ್ಣ ಬರೆದಿದ್ದಾಳೆ ಎಂದು ಕೇಳಿದೆ. ಐದರ ಹೊರಗೆ ಹಾಳೆ ಬರಿದಾಗಿತ್ತು ಪುಟ್ಟಿ. ಅಕ್ಕನಿಗೆ ಅಷ್ಟೇ ಪುರುಸೊತ್ತು ಸಿಕ್ಕಿದ್ದು. ನಾನು ಹಸಿರು ಅಂದೆ. ನೀನು ಶಾಲೆಗೆ ಹೋದ ಮೇಲೆ ಟೇಪು ಮಾಮನ ಮುಂದೆ ಕೂತು, ಉಜ್ಜಿ ಉಜ್ಜಿ ಬರೆದು, ಆರನೇ ವರ್ಷದ ಗೆರೆಯನ್ನು ಹಸಿರಿನಲ್ಲಿ ಎಳೆದೆ. ಏಳು ನೇರಳೆ, ಎಂಟು ಕಂದು, ಕೊನೆಯದು ಕೆಂಪು. ಎಲ್ಲವೂ ನನ್ನವೇ.

ನೀನು ಗೆಳತಿಯರನ್ನು ಕರೆತಂದು, ನಮ್ಮಮ್ಮ ನಾನು ದೊಡ್ಡವಳಾಗುವವರೆಗೂ ಬರೆದಿಟ್ಟು ಹೋಗಿದ್ದಾಳೆ ಎಂದು ಹಾಳೆ ತೋರಿಸುತ್ತಿದ್ದೆ. ನಾನು ಅಲ್ಲೇ ಕೂತು ಅಂಚು ಮಡಿಸುತ್ತಿದ್ದೆ. ಬಾಯಲ್ಲಿ ಗುಂಡುಸೂಜಿಗಳಿದ್ದದ್ದರಿಂದ ಬಚಾವಾದೆ.

ಇದು ತಪ್ಪೊಪ್ಪಿಗೆಯಲ್ಲ. ಅವತ್ತಿಗೆ ಹೋದರೆ ಮತ್ತೆ ಹಸಿರು ಎಂದೇ ಹೇಳುತ್ತೇನೆ. ನಿಮ್ಮಪ್ಪನಂತೂ, ಏನೂ ಹೇಳಬೇಡ, ಬೇರೆ ಹಾಳೆಯಲ್ಲಿ ಎಲ್ಲವನ್ನೂ ಒಂದೇ ಸಮ ಬರೆದು ಕಳಿಸು ಅಂದರು. ಮನಸ್ಸು ಒಪ್ಪಲಿಲ್ಲ. ಅಕ್ಕನ ಕೈಯ ಗೆರೆಯೇ ನಿನಗೆ ಬರಬೇಕು. ಆದ್ದರಿಂದ ಜ್ಞಾಪಕವಿಡು: ಐದರವರೆಗೆ ಗೆರೆಯ ಹೊರಗೆ ಬೆರಳಗಲ ಬಿಟ್ಟು ಕತ್ತರಿಸು. ಆರರಿಂದ ಗೆರೆಯ ಮೇಲೇ ಕತ್ತರಿಸು, ಆ ಬೆರಳಗಲ ಸೇರಿಸಿಯೇ ಬರೆದಿದ್ದೇನೆ. ನನಗೆ ನನ್ನ ಕೈಯ ಮೇಲೆ ಅಕ್ಕನಿಗಿದ್ದಷ್ಟು ನಂಬಿಕೆ ಇರಲಿಲ್ಲ.

ಹೊತ್ತು ಹೊತ್ತಿಗೆ ಊಟ ಮಾಡು, ಭಾರ ಎತ್ತಬೇಡ, ಮಧ್ಯಾಹ್ನ ಸ್ವಲ್ಪ ಮಲಗು. ಸುಖವಾಗಿ ಹೆತ್ತು, ಮಗುವಿನೊಂದಿಗೆ ನೂರು ಕಾಲ ನಗುನಗುತ್ತಾ ಬಾಳು.

ನಿನ್ನ
ಚಿಕ್ಕಮ್ಮ

ಮರೆತಿದ್ದೆ: ಮಡಿಸಿದರೆ ಗೆರೆ ಒಡೆಯುತ್ತದೆಂದು ಹಾಳೆಯನ್ನು ಸುರುಳಿ ಸುತ್ತಿ ಕಳಿಸುತ್ತಿದ್ದೇನೆ.

ಮರೆತಿದ್ದೆ ಎಂದದ್ದು ಸುಳ್ಳು, ಬರೆಯಬೇಕಿದ್ದದ್ದು ಬೇರೆ. ಹೆರಿಗೆಗೆ ಅತ್ತೆಯವರು ಬರುತ್ತಾರೆ ಎಂದಿದ್ದೀಯ, ದಾದಿಯನ್ನು ಗೊತ್ತುಮಾಡಿದ್ದೇವೆ ಎಂದಿದ್ದೀಯ. ಕಾಗದವನ್ನು ತಿರುಗಿಸಿ ತಿರುಗಿಸಿ ಓದಿದೆ, ನನಗೆ ಬನ್ನಿ ಎಂದು ಎಲ್ಲೂ ಬರೆದಿಲ್ಲ. ಹೆತ್ತವಳಾಗಿದ್ದರೆ ಕರೆಯುವವರೆಗೆ ಕಾಯುತ್ತಿರಲಿಲ್ಲ, ಇಷ್ಟು ಹೊತ್ತಿಗೆ ಚೀಲ ಹಿಡಿದು ನಿನ್ನ ಬಾಗಿಲಲ್ಲಿ ನಿಂತಿರುತ್ತಿದ್ದಳು. ನನಗೆ ಅಷ್ಟು ಧೈರ್ಯವಿಲ್ಲ. ಒಂದು ಸಾಲು ಬರೆ ಪುಟ್ಟಿ, ಹೊರಟು ಬರುತ್ತೇನೆ.