ಕಾಲು ಮೂಡದ ಕಪ್ಪೆಮರಿಗಳು

ಪ್ರೀತಿಯ ಅಮ್ಮ,

ಅಣ್ಣ ನಾಳೆ ಮನೆಗೆ ಬರುತ್ತಾನೆ. ಬೈಯಬೇಡ, ಮೊದಲು ಇದನ್ನು ಓದು.

ಶಾಲೆಯ ಹಿಂದಿನ ಹೊಂಡವನ್ನು ನನ್ನ ಕ್ಲಾಸಿನ ಮಕ್ಕಳು ಸ್ವಚ್ಛ ಮಾಡಿ ಕಪ್ಪೆ ಸಾಕುತ್ತಿದ್ದರಲ್ಲ, ಅದನ್ನು ಮುಚ್ಚಿ ಕಾರು ನಿಲ್ಲಿಸಲು ಜಾಗ ಮಾಡಬೇಕೆಂದು ಆಡಳಿತ ಮಂಡಳಿಯವರು ಮಣ್ಣು ಸುರಿಸಿ ಜೆಸಿಬಿ ಕರೆಸಿದರು. ಓಡಿಸಿಕೊಂಡು ಬಂದವನು ನಮ್ಮ ಅಣ್ಣನೇ!

ಮಕ್ಕಳು ಗಲಾಟೆ ಮಾಡಲಿಲ್ಲ. ಬಕೆಟ್ ಹಿಡಿದು ನೀರಿಗಿಳಿದರು. ನಾವೆಲ್ಲ ಪಟಾಕಿ ಎಂದು ಕರೆಯುವ ಹುಡುಗಿ ಅವನತ್ತ ಬಕೆಟ್ ಎತ್ತಿ ಹಿಡಿದಳು.

"ಮಾಮ, ಸ್ವಲ್ಪ ದಿನ ತಡೀರಿ. ಮರಿಗಳಿಗೆ ಇನ್ನೂ ಕಾಲೇ ಬಂದಿಲ್ಲ, ಎಲ್ಲಿಗೆ ಹೋಗ್ತಾವೆ?"

ಅಣ್ಣ ಇಳಿದು ಬಂದು ಇಣುಕಿದ, ತಲೆ ಕೆರೆದುಕೊಂಡ. ಆಮೇಲೆ ಮತ್ತೆ ಹತ್ತಿ, ಹೊಂಡ ಮುಚ್ಚಲು ತಂದಿದ್ದ ಮಣ್ಣಿನಿಂದಲೇ ಅದರ ಸುತ್ತ ಚೆಂದದ ಏರಿ ಕಟ್ಟಿಬಿಟ್ಟ! ಮಕ್ಕಳ ಕುಣಿತ ನೀನು ನೋಡಬೇಕಿತ್ತು.

ಸಿಟ್ಟಿನಿಂದ ಬಂದ ಮಂಡಳಿಯ ಅಧ್ಯಕ್ಷರು ಆ ಏರಿಯ ಮೇಲೆ ಕೂತು, ಮರಿಗಳನ್ನು ನೋಡುತ್ತಾ ಮೀಟಿಂಗನ್ನೇ ಮರೆತರು. "ಕಾರು ರಸ್ತೇಲೇ ಇರಲಿ ಬಿಡಿ" ಅಂದರು.

ಜೆಸಿಬಿ ಯಜಮಾನರು ಮಾತ್ರ ಅಣ್ಣನಿಂದ ಕೀಲಿ ಕಿತ್ತುಕೊಂಡಿದ್ದಾರೆ. ಅವರ ಹತ್ತಿರ ಅಧ್ಯಕ್ಷರೇ ಮಾತಾಡುತ್ತಾರಂತೆ. ಅಲ್ಲಿಯವರೆಗೆ ಅವನಿಗೆ ಹೊಟ್ಟೆ ತುಂಬಾ ಊಟ ಹಾಕು. ಗಾಡಿ ಕೆಟ್ಟಿದೆ ಎಂದು ಹೇಳುತ್ತಾನೆ. ನಂಬಿದ ಹಾಗೆ ಇದ್ದುಬಿಡು.

ನಿನ್ನ ಮಗಳು